ಇಬ್ಬರಿಗೆ ಸಾಕಾಗುವ ಬಾವಿ

ಬಾವಿಯ ನೀರನ್ನೆಲ್ಲ ಪಂಪು ಹಾಕಿ ಬಯಲಿಗೆ ಬಿಟ್ಟು, ಅದು ಮತ್ತೆ ತುಂಬುವುದನ್ನು ಕೊಡೆ ಹಿಡಿದು ಕಾಯುತ್ತ ಕೂತ ಗಂಡಸನ್ನು ಭಾಗ್ಯಮ್ಮ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಯುಗಾದಿ ಕಳೆದಿತ್ತು. ಸಾನಮಾವು ಕಾಡಿನ ಅಂಚಿನಲ್ಲಿದ್ದ ಆ ಐದು ಮನೆಗಳ ಬೋರುಗಳು ಶಿವರಾತ್ರಿಯ ಹೊತ್ತಿಗೇ ಕೈಕೊಟ್ಟಿದ್ದವು. ಪಂಚಾಯಿತಿಯ ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಉಳಿದದ್ದು ಬಂಡೆಯ ಬುಡದ ಈ ಕಲ್ಲುಕಟ್ಟಡದ ಬಾವಿ ಒಂದೇ. ಅದರ ನೀರು ಈಗ ಹುರುಳಿ ಕಿತ್ತ ಹೊಲದ ಮೇಲೆ ಹರಿಯುತ್ತಿತ್ತು. ಕೆಮ್ಮಣ್ಣು ಅದನ್ನು ನಿಂತಲ್ಲೇ ನುಂಗುತ್ತಿತ್ತು. ಬಿಂದಿಗೆ ಹಿಡಿದು ಬಂದ ಹೆಂಗಸರು ಬದುವಿನ ಮೇಲೆ ನಿಂತು ನೋಡಿದರು.

"ಏನ್ ಸಾಮಿ ಇದು, ಕುಡಿಯೋ ನೀರನ್ನ ಹಿಂಗೆ ಮಣ್ಣುಪಾಲು ಮಾಡ್ತಿದೀರಾ?" ಎಂದಳು ಭಾಗ್ಯಮ್ಮ.

"ಪರೀಕ್ಷೆ ಅಮ್ಮ," ಎಂದ ಆತ, ಬಾವಿಯಿಂದ ಕಣ್ಣು ತೆಗೆಯದೆ. "ಊರೋ ನೀರು ಎಷ್ಟು ಅಂತ ಗೊತ್ತಾಗಬೇಕಾದ್ರೆ ಇರೋ ನೀರು ಖಾಲಿಯಾಗಬೇಕು."

"ಅಲ್ಲೀಗಂಟ ನಾವೇನ್ ಮಾಡನ?"

"ಸಂಜೆ ಬನ್ನಿ. ಎಷ್ಟು ಊರಿದೆ ಅಂತ ಇಬ್ಬರಿಗೂ ಗೊತ್ತಾಗುತ್ತೆ."

ಪಕ್ಕದ ಮನೆಯ ರಮಾದೇವಿ ಬಾಯಿ ಕಟ್ಟಿಕೊಂಡು ಇರುವವಳಲ್ಲ. "ಲೇ ಭಾಗ್ಯ, ಇವನ ಹೆಂಡ್ತಿ ಪಾಡು ನೋಡು. ಅನ್ನ ಬೆಂದೈತಾ ಅಂತ ನೋಡಕೆ ಗಡಿಗೇನೇ ಬೋರಲು ಹಾಕ್ತಾನೋ ಏನೋ," ಎಂದಳು, ಆತನಿಗೆ ಕೇಳುವ ಹಾಗೆಯೇ. ಹೆಂಗಸರು ನಕ್ಕರು. ಆತ ನಗಲಿಲ್ಲ, ಸಿಟ್ಟೂ ಆಗಲಿಲ್ಲ.

ಹೆಸರು ಕುಮಾರೇಶ್. ಹೊಸೂರಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಮಾಗಡಿ ಕಡೆಯ ಕುಟುಂಬ, ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ಸ್ವಂತ ಮನೆ. ಕೊರೊನಾ ಕಾಲದಲ್ಲಿ ರಾಜ್ಯದ ಗಡಿ ಮುಚ್ಚಿದಾಗ ಅತ್ತಿಬೆಲೆಯ ಆಚೆಗೆ ಹೋಗಲು ಬಿಡದೆ, ಊರಲ್ಲಿ ಸತ್ತ ತಂದೆಯ ಮಣ್ಣಿಗೂ ಆತನಿಗೆ ಹೋಗಲಾಗಿರಲಿಲ್ಲ. ಅಂಗಡಿ, ಕರೆಂಟು, ರಸ್ತೆ, ಆಸ್ಪತ್ರೆ ಎಲ್ಲವೂ ಒಂದೇ ಸಲ ನಿಂತ ದಿನ ಯಾರ ಹಂಗೂ ಇಲ್ಲದೆ ಬದುಕುವ ಜಾಗ ಬೇಕು ಎಂಬುದು ಅಂದಿನಿಂದ ಅವನ ತಲೆಯಲ್ಲಿ ಕೂತಿತ್ತು. ಶೂಲಗಿರಿ, ವೇಪನಹಳ್ಳಿ, ರಾಯಕೋಟೆ ಎಲ್ಲ ಸುತ್ತಿ ಕೊನೆಗೆ ಈ ಒಣಭೂಮಿಗೆ ಬಂದಿದ್ದ. ಗಾಜಿನ ಬಾಟಲಿಯಲ್ಲಿ ಮಣ್ಣು ಕಲಕಿ ಮರಳೆಷ್ಟು ಜೇಡಿಯೆಷ್ಟು ನೋಡಿದ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಬಂಡೆಯ ನೆರಳು ಎಲ್ಲಿಯವರೆಗೆ ಬರುತ್ತದೆ, ಹೆದ್ದಾರಿಯಿಂದ ಜಾಗ ಕಾಣುತ್ತದೆಯೇ, ಎಲ್ಲವನ್ನೂ ನೋಡಿದ.

"ಇಷ್ಟೊಂದು ಓದ್ಕಂಡಿರೋರು, ಹಸಿರಿರೋ ಕಡೆ ತಗೋಬಾರದಾ?" ಎಂದು ಭಾಗ್ಯಮ್ಮನ ಗಂಡ ಮುನಿಯಲ್ಲಪ್ಪ ಕೇಳಿದ್ದಕ್ಕೆ, "ಹಸಿರಿರೋ ಕಡೆಗೆ ಕಷ್ಟ ಬಂದಾಗ ಎಲ್ಲರೂ ನುಗ್ಗುತ್ತಾರೆ. ಒಣ ಜಾಗಕ್ಕೆ ಯಾರೂ ಬರಲ್ಲ. ಇದರ ಗುಣವೇ ಅದು," ಎಂದಿದ್ದ.

ಅಕ್ಕಪಕ್ಕದವರನ್ನೂ ಆತ ಅಳೆದು ನೋಡಿದ್ದ. ಬಂಡೆಯ ಮೇಲೆ ಮಾತ್ರ ಸಿಗ್ನಲ್ ಬರುತ್ತಿದ್ದುದರಿಂದ ಅಲ್ಲಿ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು, ಕೆಳಗೆ ಹುಲ್ಲು ಕೊಯ್ಯುತ್ತಿದ್ದ ಭಾಗ್ಯಮ್ಮನ ಕಿವಿಗೆ ಬಿತ್ತು. "ಬರಗಾಲದಲ್ಲಿ ಮೊದಲ ಅಪಾಯ ಕಳ್ಳರಿಂದ ಅಲ್ಲ, ನೆರೆಯವರಿಂದ. ಇಲ್ಲಿರೋರು ಒಳ್ಳೆ ಜನಾನೇ. ಆದ್ರೆ ಬಾವಿಗೆ ಬರೋದು ಅಭ್ಯಾಸ ಆಗಿಬಿಟ್ಟಿದೆ. ಮೊದಲು ಅದನ್ನ ಬಿಡಿಸಬೇಕು."

ಆ ಬಾವಿಯನ್ನು ತೋಡಿಸಿದವನು ಮುತ್ತರಾಯಪ್ಪ. ಬಾವಿಗೆ ಬಾಗಿಲು ಇಡಬಾರದು, ಬಂದವರ ಜಾತಿ ಕೇಳಬಾರದು ಎಂದು ಮನೆಯವರಿಂದ ಕೈಮೇಲೆ ಕೈ ಹಾಕಿಸಿಕೊಂಡು ಸತ್ತಿದ್ದ. ಅವನ ಮೊಮ್ಮಗ ನಂದೀಶ್ ಹೊಸೂರಿನಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟುಕೊಂಡು, ಹೊಲದ ಮುಖ ನೋಡಿಯೇ ಎಷ್ಟೋ ಕಾಲವಾಗಿತ್ತು. ತಾತನಿಗೆ ಕೊಟ್ಟ ಭಾಷೆ ಅವನ ಕಾಲಕ್ಕೆ ಸವೆದುಹೋಗಿತ್ತು. ಯಾರು ಕೊಂಡರೂ ಮಾರಲು ಅವನು ತಯಾರು.

ಸಂಜೆ ಕುಮಾರೇಶ್ ತೀರ್ಪು ಹೇಳಿದ. ಈ ಬಾವಿ ಬೇಸಿಗೆಯ ತುದಿಯಲ್ಲೂ ಇಬ್ಬರಿಗೆ, ಒಂದು ಕೈತೋಟಕ್ಕೆ, ಒಂದು ಹಸುವಿಗೆ ಧಾರಾಳವಾಗಿ ಸಾಕು. ಮೂರನೆಯವರಿಗೆ ಬಿಗಿ. ಊರಿಗೆ ಸಾಲದು. ಸುತ್ತ ಬೇಲಿ ಹಾಕಿ ಬಾವಿಗೆ ಕಬ್ಬಿಣದ ಮುಚ್ಚಳ ಕೂರಿಸಬೇಕು. ಆದರೆ ಅವಸರವಿಲ್ಲ. ವೈಶಾಖದ ಬಿಸಿಲಲ್ಲಿ ಮನೆಯವರೊಂದಿಗೆ ಇಲ್ಲೇ ಇದ್ದು ನೋಡುತ್ತಾನೆ. ಮೊದಲೇ ಅಳೆದು ಕೂಡಿಟ್ಟ ಕಾಳು ಬಿಟ್ಟು ಹೊರಗಿನಿಂದ ಏನೂ ತರುವುದಿಲ್ಲ, ಯಾರ ಸಹಾಯವನ್ನೂ ಪಡೆಯುವುದಿಲ್ಲ. ಬದುಕಲಾದರೆ ರಿಜಿಸ್ಟ್ರೇಶನ್. ಆಗದಿದ್ದರೆ ಜಾಗ ಬೇಡ.

ಭಾಗ್ಯಮ್ಮನ ಮನಸ್ಸು ಹಿಡಿದದ್ದು ಕೊನೆಯ ಮಾತನ್ನು ಮಾತ್ರ. ಅವಳಿಗೆ ಎರಡು ಹಸುಗಳಿದ್ದವು: ಮುದಿಯಾಗುತ್ತಿದ್ದ ಗೌರಿ, ಮೊದಲ ಕರು ಹಾಕಿದ ಒಂದು ಸೀಮೆಹಸು. ಡೈರಿಗೆ ಹಾಕುವ ಹಾಲೇ ಮನೆ ನಡೆಸುತ್ತಿತ್ತು. ಬಾವಿ ಮುಚ್ಚಿದರೆ ಹಸುಗಳು ಸಂತೆಗೆ, ಅವಳು ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಶೆಡ್ಡುಗಳ ಕೂಲಿಗೆ.

ಬಿಸಿಲು ನೆತ್ತಿ ಸುಡುವ ಕಾಲಕ್ಕೆ ಅವರು ಬಂದಿಳಿದರು: ಕುಮಾರೇಶ್, ಅವನ ಹೆಂಡತಿ ಚಂದ್ರಲೇಖಾ, ತಾಯಿ ಪಾರ್ವತಮ್ಮ. ತಗಡಿನ ಶೆಡ್ಡು ಎದ್ದಿತು. ಗಾಳಿಯಾಡದ ಡ್ರಮ್ಮುಗಳಲ್ಲಿ ರಾಗಿ, ಅವರೆಬೇಳೆ. ಕಾಡಿನಿಂದ ಹೊಲಗಳಿಗೆ ಇಳಿಯುವ ಆನೆಗಳ ವಿಷಯದಲ್ಲೂ ಕುಮಾರೇಶ್ ಕಣ್ಣುಮುಚ್ಚಿಕೊಂಡು ಬಂದಿರಲಿಲ್ಲ. ಹಿಂಡು ಆಗಲೇ ಜವಳಗಿರಿಯ ಕಾಡಿಗೆ ಹಿಂತಿರುಗಿದೆ, ಹಿಂದುಳಿದ ಒಂಟಿ ಸಲಗ ಒಂದು ಕಾಡಿನಲ್ಲಿದೆ ಎಂದು ಅರಣ್ಯದವರಿಂದ ತಿಳಿದುಕೊಂಡು, ಸುತ್ತ ಮೆಣಸಿನಪುಡಿ ಸವರಿದ ಹಗ್ಗ, ಖಾಲಿ ಡಬ್ಬಗಳ ಸರ ಕಟ್ಟಿದ್ದ. ಎಲ್ಲವೂ ಪುಸ್ತಕದಲ್ಲಿದ್ದಂತೆ ಸರಿಯಾಗಿತ್ತು.

ಬಂದ ದಿನವೇ ಐದೂ ಮನೆಗಳಿಗೆ ಹೋಗಿ, ಕೊರಳಿನ ಸೀಟಿ ತೋರಿಸಿದ. "ಫ್ಯಾಕ್ಟರಿಯಲ್ಲಿ ಮಾಕ್ ಡ್ರಿಲ್ ಅಂತ ಮಾಡ್ತೀವಿ. ನಿಜವಾಗಿ ಬೆಂಕಿ ಬಿದ್ದ ಹಾಗೆ, ನಿಜವಾಗಿ ಓಡೋ ಹಾಗೆ. ಇಲ್ಲೂ ಮಾಡ್ತೀವಿ. ಬೆಳಗಿನ ಜಾವ ಸೀಟಿ ಊದ್ತೀನಿ, ನಾವು ಕೂಗಾಡ್ತೀವಿ, ಡಬ್ಬ ಬಡೀತೀವಿ. ಯಾರೂ ಬರಬಾರದು."

"ನಮ್ ಕಡೆ ಕೂಗು ಕೇಳಿದ್ರೆ ಹೋಗ್ಬೇಕು ಸಾರ್," ಎಂದ ಮುನಿಯಲ್ಲಪ್ಪ. "ಆನೆ ಊರಲ್ವಾ? ಯಾರ ಹೊಲದಾಗೆ ಕೂಗಿದ್ರೂ ಎಲ್ರೂ ಪಟಾಕಿ ಹಿಡ್ಕಂಡು ಓಡ್ತೀವಿ. ನಾನು ಅಟ್ಟದಾಗೆ ಯಾವಾಗ್ಲೂ ಇಟ್ಟಿರ್ತೀನಿ."

"ಅದಕ್ಕೇ ಹೇಳ್ತಿರೋದು. ನೀವು ಬಂದ್ರೆ ನನ್ನ ಪರೀಕ್ಷೆ ಕೆಟ್ಟುಹೋಗುತ್ತೆ. ಸುತ್ತ ಯಾರೂ ಇಲ್ಲ ಅಂದ್ಕೊಂಡು ಬದುಕಿ ನೋಡಬೇಕು ನಾನು. ನೀವೂ ಅಷ್ಟೇ, ನಾವು ಇಲ್ಲ ಅಂದ್ಕೊಳ್ಳಿ."

ಹಾಗೆಯೇ ಆಯಿತು. ಮೊದಲ ದಿನ ಸೀಟಿ ಕೇಳಿದಾಗ ಎಲ್ಲರೂ ಎದ್ದು ಕೂತರು. ಆಮೇಲೆ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡರು. ಆಮೇಲೆ ಆ ಸೀಟಿ ಅವರಿಗೆ ಹಾಲು ಕರೆಯುವ ಹೊತ್ತಿನ ಗುರುತಾಯಿತು. ನೀರಿಗೂ ಯಾರೂ ಬರುವಂತಿರಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಬಾವಿ ಅವನದು ಎಂದು ನಂದೀಶನೇ ಹೇಳಿಕಳಿಸಿದ್ದ. ಭಾಗ್ಯಮ್ಮ ಗುಡ್ಡದ ಆಚೆಯ ಕಲ್ಲುಕ್ವಾರಿಯ ಗುಂಡಿಯಿಂದ ಹಸಿರುಗಟ್ಟಿದ ನೀರು ಹೊತ್ತಳು. ಸೀಮೆಹಸು ಅದನ್ನು ಮೂಸಿ ಮುಖ ತಿರುಗಿಸಿತು. ಹಾಲು ಇಳಿಯಿತು.

ಪಾರ್ವತಮ್ಮನ ಪರಿಚಯವಾದದ್ದು ಲಂಟಾನದ ಬೇಲಿಯ ಸಂದಿಯಲ್ಲಿ. ಎಪ್ಪತ್ತು ದಾಟಿದ, ಬೊಚ್ಚುಬಾಯಿಯ, ಮಾತಿಗೆ ಹಸಿದ ಮುದುಕಿ. ಮಗ ಫೋನುಗಳನ್ನು ಆಫ್ ಮಾಡಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದ. ಸೊಸೆ ಮಾತಾಡುವುದಕ್ಕೂ ಅಪ್ಪಣೆ ಬೇಕೇನೋ ಎಂಬಂತೆ ಇರುತ್ತಿದ್ದಳು.

"ಏನ್ ಊಟ ಅಕ್ಕ ಇವತ್ತು?" ಎಂದು ಕೇಳುವಳು ಭಾಗ್ಯಮ್ಮ.

"ಮುದ್ದೆ ಕಣವ್ವ. ತಕ್ಕಡೀಲಿ ತೂಗಿದ ಮುದ್ದೆ. ನಮ್ಮಪ್ಪ ಬರಗಾಲ ಕಂಡೋನು. ಅವನೂ ಹಿಂಗೆ ಅಳೆದು ಇಕ್ಕಿರಲಿಲ್ಲ. ನಾನು ಮೂರನೆಯವಳಂತೆ. ಬಾವಿ ಇಬ್ಬರಿಗೆ ಸಾಕಂತೆ." ಮುದುಕಿ ಬಾಯ್ತುಂಬ ನಕ್ಕಳು. "ನೀರಿನ ಲೆಕ್ಕದಾಗೆ ಹೆಚ್ಚಾದೋಳು ನಾನೇ. ನನ್ನ ಮುಂದೇನೇ ಹೇಳ್ತಾನೆ, ಬಡ್ಡೀಮಗ. ಸುಳ್ಳು ಹೇಳಿ ಅಭ್ಯಾಸ ಇಲ್ಲ ಅವನಿಗೆ."

"ಮತ್ಯಾಕೆ ಇಲ್ಲಿ ಇರೋದು? ಮತ್ತಿಗಿರಿಗೆ ಹೋಗ್ಬಾರದಾ?"

"ಸೋತ್ರೆ ಹೋಗಬೌದಂತೆ. ಗೆದ್ರೆ ಇಲ್ಲೇ. ಅವನು ಯಾವತ್ತು ಸೋತವ್ನೆ ಹೇಳು." ಬೇಲಿಯ ಕಡೆ ಬಗ್ಗಿ ದನಿ ತಗ್ಗಿಸಿದಳು. "ಬಾಯಿಗೆ ಸಿಹಿ ಬೀಳದೆ ನಾಲಿಗೆ ಸತ್ತೋಯ್ತು ಕಣೆ. ಒಂದು ಚೂರು ಬೆಲ್ಲ ಇದ್ರೆ ಕೊಡ್ತೀಯಾ?"

ಭಾಗ್ಯಮ್ಮ ಆ ದಿನ ಬೆಲ್ಲ ಕೊಟ್ಟಳು. ಅದು ಕನಿಕರದಿಂದ ಕೊಟ್ಟದ್ದು. ಮರುದಿನ ಕೊಟ್ಟದ್ದಕ್ಕೆ ಆ ಹೆಸರು ಹೇಳುವಂತಿಲ್ಲ.

ಅವಳ ಹಿತ್ತಲಲ್ಲಿ ಒಂದು ಹಲಸಿನ ಮರವಿತ್ತು. ಕಾಡಿನಂಚಿನ ಆ ಕಡೆ ಹಲಸನ್ನು ಮರದಲ್ಲಿ ಹಣ್ಣಾಗಲು ಯಾರೂ ಬಿಡುವುದಿಲ್ಲ. ಕಾಯಿ ಬಲಿಯುತ್ತಿದ್ದಂತೆ ಕೊಯ್ದು ಹೊಸೂರಿನ ಮಾರ್ಕೆಟ್ ಗಾಡಿಗೆ ಹಾಕುತ್ತಾರೆ, ಇಲ್ಲವೇ ಸಾರು ಮಾಡುತ್ತಾರೆ. ಹಣ್ಣಿನ ವಾಸನೆ ಹಿಡಿದ ಸಲಗನಿಗೆ ಗೋಡೆ ಅಡ್ಡವಲ್ಲ ಎಂಬುದು ಅಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಮಾಗಡಿಯ ಪಾರ್ವತಮ್ಮನಿಗೆ ಗೊತ್ತಿರಲಿಲ್ಲ. ಆಕೆಯ ಊರಿನಲ್ಲಿ ಹಲಸಿನ ಹಣ್ಣೆಂದರೆ ಕೈಗೆ ಎಣ್ಣೆ ಹಚ್ಚಿಕೊಂಡು ಮನೆಮಂದಿ ಸುತ್ತ ಕೂರುವ ಹಬ್ಬ.

ಮಿಕ್ಕವನ್ನು ಗಾಡಿಗೆ ಹಾಕಿ ಉಳಿಸಿಕೊಂಡಿದ್ದ ಒಂದೇ ಒಂದು ದೊಡ್ಡ ಕಾಯಿಯ ತೊಟ್ಟಿಗೆ, ಬೇಗ ಹಣ್ಣಾಗಲೆಂದು, ಭಾಗ್ಯಮ್ಮ ಬೇವಿನ ಗೂಟ ಹೊಡೆದಳು. ಗೋಣಿಯಲ್ಲಿ ಸುತ್ತಿ ಬೇಲಿಯ ಸಂದಿಯಿಂದ ದಾಟಿಸಿದಳು.

"ನಿನ್ ಮಗನ ಕಣ್ಣಿಗೆ ಬೀಳದಂಗೆ ಹುಲ್ಲಾಗೆ ಮುಚ್ಚಿಕ್ಕು ಅಕ್ಕ. ಗಮ್ಮಂತ ವಾಸನೆ ಬಂದಾಗ ಬಿಚ್ಚು. ಒಂದೇ ಸಲಕ್ಕೆ ತಿನ್ಬೇಡ, ದಿನಾ ಒಂದಿಷ್ಟು ತಿನ್ನು."

"ನಿನ್ನ ಹೊಟ್ಟೆ ತಣ್ಣಗಿರಲಿ ಕಣವ್ವ," ಎಂದು ಮುದುಕಿ ಅದನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡಳು. "ನನ್ನ ಮಗಳಿದ್ದಿದ್ರೂ ಹಿಂಗೆ ಕದ್ದು ತಂದುಕೊಡ್ತಿರಲಿಲ್ಲ."

ಮುದುಕಿ ಸಾಯಲಿ ಎಂದು ಭಾಗ್ಯಮ್ಮ ಎಣಿಸಿರಲಿಲ್ಲ. ಸಲಗ ಬರುತ್ತದೆ, ಡ್ರಮ್ಮು ಒಡೆಯುತ್ತದೆ, ತಗಡು ಕಿತ್ತು ಬಿಸಾಡುತ್ತದೆ, ಪೇಟೆಯವರು ಗಂಟುಮೂಟೆ ಕಟ್ಟುತ್ತಾರೆ. ಅಷ್ಟನ್ನೇ ಎಣಿಸಿದ್ದಳು. ಹಣ್ಣು ಎಲ್ಲಿರುತ್ತದೋ ಮುದುಕಿಯೂ ಅಲ್ಲೇ ಮಲಗಿರುತ್ತಾಳೆ ಎಂಬುದು ಹೊಳೆಯಲಿಲ್ಲವೆಂದು ಹೇಳಿದರೆ ಮಾತ್ರ ಸುಳ್ಳಾಗುತ್ತದೆ. ಹೊಳೆದಿತ್ತು. ಅದನ್ನು ಬದಿಗೆ ಸರಿಸಿ ಹಸುಗಳಿಗೆ ಹುಲ್ಲು ಹಾಕಲು ಹೋಗಿದ್ದಳು.

ಸೀಟಿ ಎಂದಿನ ಹೊತ್ತಿಗಿಂತ ಸ್ವಲ್ಪ ತಡವಾಗಿ, ಪೂರ್ವ ಕೆಂಪಾಗುತ್ತಿದ್ದಾಗ ಕೇಳಿತು. ಉದ್ದನೆಯ ಸೀಟಿ. ಡಬ್ಬದ ಸದ್ದು. ಐದು ಮನೆಗಳಲ್ಲಿ ಯಾರೂ ಅಲ್ಲಾಡಲಿಲ್ಲ. ಸೀಟಿ ನಿಲ್ಲಲಿಲ್ಲ, ತುಂಡುತುಂಡಾಗಿ, ಉಸಿರು ಸಾಲದವನು ಊದಿದಂತೆ ಬಂತು. ಆಮೇಲೆ ತಗಡು ಹರಿದ ಸದ್ದು. ಆಮೇಲೆ ಚಂದ್ರಲೇಖಾಳ ಕೂಗು, "ಯಾರಾದ್ರೂ ಬನ್ರಪ್ಪೋ, ಬನ್ರೋ!"

ಮುನಿಯಲ್ಲಪ್ಪ ಎದ್ದು ಅಟ್ಟಕ್ಕೆ ಕೈ ಹಾಕಿದ್ದ. ಪಟಾಕಿಯ ಪೊಟ್ಟಣ ಕೈಗೆ ಸಿಕ್ಕಿತ್ತು.

"ಎಲ್ಲಿಗೆ?" ಎಂದಳು ಭಾಗ್ಯಮ್ಮ. ಅವಳು ಎದ್ದೇ ಇದ್ದಳು.

"ಆನೆ ಕಣೆ. ಕೇಳ್ತಿಲ್ವಾ?"

"ಡ್ರಿಲ್ಲು. ಹಿಂಗೇ ಕೂಗ್ತೀವಿ ಅಂತ ಮೊದ್ಲೇ ಯೋಳಿಲ್ವಾ?"

"ಇದು ಡ್ರಿಲ್ಲಿನ ಕೂಗಲ್ಲ ಕಣ್ ಭಾಗ್ಯ. ಹೆಂಗಸಿನ ಗಂಟ್ಲು ಹರೀತಾ ಐತೆ."

"ನೀನು ಹೋಗಿ ಅವನ ಪರೀಕ್ಷೆ ಕೆಡಿಸಿದ್ರೆ ನಾಳೆ ನಂದೀಶ ನಮ್ಮ ಮೇಲೆ ಬೀಳ್ತಾನೆ. ಯಾರೂ ಇಲ್ಲ ಅಂದ್ಕಳಿ ಅಂದೋನು ಅವನೇ. ಕೂತ್ಕ."

ಬಾಗಿಲ ಅಗುಳಿಯ ಮೇಲೆ ಅವಳ ಕೈ ಇತ್ತು. ಮುನಿಯಲ್ಲಪ್ಪ ಬಲವಂತ ಮಾಡುವ ಗಂಡಸಲ್ಲ. ಪೊಟ್ಟಣ ಹಿಡಿದುಕೊಂಡೇ ಗೋಡೆಗೆ ಒರಗಿ ಕೂತ. ಕೂಗು ನಿಂತ ಮೇಲೆ ಕಾಗೆಗಳ ಸದ್ದು ಮಾತ್ರ ಉಳಿಯಿತು. ಅಷ್ಟರಲ್ಲಿ ಬೆಳಕಾಗಿತ್ತು.

ಸಲಗ ಶೆಡ್ಡಿನ ಹಿಂಬದಿಯನ್ನು ಮಾತ್ರ ಕಿತ್ತಿತ್ತು. ಡ್ರಮ್ಮುಗಳನ್ನು ಮುಟ್ಟಿರಲಿಲ್ಲ. ಸೌದೆಯ ಹಿಂದೆ ಹುಲ್ಲಿನ ರಾಶಿಯಿದ್ದ ಕಡೆ ಪಾರ್ವತಮ್ಮನ ಹಾಸಿಗೆ ಇತ್ತು. ಮಗ, ಸೊಸೆ ಮುಂದಿನ ಭಾಗದಲ್ಲಿ ಮಲಗಿ ಉಳಿದಿದ್ದರು. ಮುದುಕಿಯ ಮೇಲೆ ಚಂದ್ರಲೇಖಾಳ ಸೀರೆ ಹೊದಿಸಿತ್ತು. ಹೊರಗೆ ಚಾಚಿದ ಒಂದು ಕೈಯ ಬೆರಳುಗಳಿಗೆ ಎಣ್ಣೆ ಹಚ್ಚಿತ್ತು. ಅರಣ್ಯದ ವಾಚರ್ ಬಂದು ಹುಲ್ಲು ಕೆದರಿ ಹಲಸಿನ ಸಿಪ್ಪೆಯ ತುಂಡು ಎತ್ತಿ ಹಿಡಿದ. "ಪಲಾಪ್ಪಳಂ! ಯಾರು ಇಂಗೆ ವೆಚ್ಚಾಂಗ?" ಎಂದು ತಮಿಳಿನಲ್ಲಿ ಬೈದ. ಹಲಸಿನ ಹಣ್ಣನ್ನು ಇಲ್ಲಿ ಯಾರಿಟ್ಟರೆಂದು ನಿಂತವರನ್ನು ಒಬ್ಬೊಬ್ಬರಾಗಿ ಕೇಳಿದ. ಭಾಗ್ಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಎಲ್ಲರಿಗಿಂತ ಜೋರಾಗಿ ಅತ್ತಳು. ಆ ಅಳು ನಾಟಕವಾಗಿರಲಿಲ್ಲ.

ತಿಥಿ ಮುಗಿದ ಮೇಲೆ ಕುಮಾರೇಶ್ ಮತ್ತೆ ಬಂದ. ತಲೆ ಬೋಳಿಸಿಕೊಂಡಿದ್ದ. ಜಾಗ ಬೇಡವೆಂದು ಹೇಳಿಹೋಗಲು ಬಂದಿದ್ದಾನೆ ಎಂದುಕೊಂಡು ಭಾಗ್ಯಮ್ಮ ಜಗಲಿಯ ಮೇಲೆ ಚಾಪೆ ಹಾಸಿದಳು.

"ಫ್ಯಾಕ್ಟರಿಯಲ್ಲಿ ಅಪಘಾತ ಆದ್ರೆ ಯಾಕೆ ಯಾಕೆ ಅಂತ ಕೇಳ್ತಾ ಹೋಗಬೇಕು, ಬುಡ ಸಿಗೋವರೆಗೂ," ಎಂದು ಶುರುಮಾಡಿದ. ದನಿ ಬಾವಿಯ ಬಳಿ ಕೂತ ದಿನದ ಹಾಗೆಯೇ ಇತ್ತು. "ಆನೆ ಯಾಕೆ ಬಂತು? ಹಣ್ಣಿನ ವಾಸನೆಗೆ. ಹಣ್ಣು ಯಾಕೆ ಇತ್ತು? ಅಮ್ಮ ಬಚ್ಚಿಟ್ಟಿದ್ರು. ಯಾಕೆ ಬಚ್ಚಿಟ್ರು? ಬಾಯಿ ಚಪಲ. ಮತ್ತಿಗಿರಿಯಿಂದ ಬರುವಾಗಲೇ ಗಂಟಿನಲ್ಲಿ ಕಟ್ಕೊಂಡು ಬಂದಿದ್ದಾರೆ. ಡ್ರಮ್ಮಿನಲ್ಲಿ ಅಳೆದಿಟ್ಟದ್ದು ಬಿಟ್ಟು ಹೊರಗಿನದು ಏನೂ ತರಬಾರದು ಅಂತ ನಿಯಮ ಇತ್ತು. ಮುರಿದೋರು ಅವರೇ."

ಭಾಗ್ಯಮ್ಮ ಬಾಯಿ ತೆರೆದಳು. ಮುನಿಯಲ್ಲಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಅವಳು, "ನೀರು ಕೊಡಲಾ ಸಾರ್?" ಎಂದಳು.

"ಬೇಡ. ಒಂದು ಮಾತು ಹೇಳಬೇಕಿತ್ತು. ಬಂದ್ರೆ ಪರೀಕ್ಷೆ ಕೆಡುತ್ತೆ ಅಂದಿದ್ದೆ, ನೀವು ಬರಲಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಹೇಳಿದ ಮಾತು ಕೇಳೋ ನೆರೆಯವರು ಸಿಗೋದು ಕಷ್ಟ." ಎದ್ದು ನಿಂತ. "ಜಾಗದಲ್ಲಿ ಏನೂ ದೋಷ ಇಲ್ಲ. ನೀರು ಲೆಕ್ಕಕ್ಕೆ ಸರಿಯಾಗಿ ಬಂತು. ರಿಜಿಸ್ಟರ್ ಆಯ್ತು. ಸೋಲಾರ್ ಬೇಲಿಯವರು ನಾಳೆ ಬರ್ತಾರೆ, ಬಾವಿಗೆ ಮುಚ್ಚಳವೂ ಬರುತ್ತೆ. ನಾವು ಮಳೆ ಶುರುವಾದ ಮೇಲೆ ಬಂದು ಇರ್ತೀವಿ. ಅಲ್ಲೀತನಕ ಬೀಗದ ಕೈ ನಿಮ್ಮ ಹತ್ತಿರ ಇರಲಿ. ಬೇರೆ ಯಾರಿಗೂ ಒಂದು ಚೊಂಬು ಕೊಡಬಾರದು. ನಿಮಗೆ ಮಾತ್ರ ದಿನಕ್ಕೆ ಎರಡು ಬಿಂದಿಗೆ. ನಾವು ಬಂದ ಮೇಲೂ ಅಷ್ಟೇ."

"ಎರಡಾ?"

"ಅಮ್ಮನ ಪಾಲು ಅಷ್ಟೇ ಇತ್ತು. ಈಗ ಅದು ಮಿಗುತ್ತೆ."

ಮುಚ್ಚಳ ಬಂತು, ಬೇಲಿ ಬಂತು. ಮುನಿಯಲ್ಲಪ್ಪ ಚಾಪೆಯನ್ನು ದನದ ಕೊಟ್ಟಿಗೆಗೆ ಸಾಗಿಸಿದ. ಹೆಂಡತಿಯೊಡನೆ ಜಗಳವಾಡಲಿಲ್ಲ, ಮಾತೂ ಆಡಲಿಲ್ಲ. ಬಾವಿಯ ನೀರು ಮುಟ್ಟದೆ, ಕ್ವಾರಿಯ ಹಸಿರು ನೀರನ್ನೇ ಕಾಯಿಸಿ ಕುಡಿದ.

ಮೊದಲ ಬೆಳಿಗ್ಗೆ ಭಾಗ್ಯಮ್ಮ ಬೀಗ ತೆರೆದು ಎರಡು ಬಿಂದಿಗೆ ತುಂಬಿದಳು. ತಿರುಗಿದರೆ ಬೇಲಿಯ ಆಚೆ ರಮಾದೇವಿ ಖಾಲಿ ಬಿಂದಿಗೆ ಹಿಡಿದು ನಿಂತಿದ್ದಳು.

"ಕೊಡಂಗಿಲ್ಲ ಕಣೆ ರಮಾ," ಎಂದಳು ಭಾಗ್ಯಮ್ಮ. "ಅವನ ಕಟ್ಟಳೆ. ಗೊತ್ತಾದ್ರೆ ನಮ್ಗೂ ಇಲ್ದಂಗಾಗ್ತದೆ."

"ಅವನ ಕಟ್ಟಳೆ ಇರ್ಲಿ ಬಿಡು." ರಮಾದೇವಿ ಬಿಂದಿಗೆಯನ್ನು ಸೊಂಟದಿಂದ ಇಳಿಸಿದಳು. "ಅವತ್ತು ಮಾರ್ಕೆಟ್ ಗಾಡಿಗೆ ನಿನ್ ಹಲಸಿನಕಾಯಿ ಹಾಕುವಾಗ ಕೈ ಕೊಟ್ಟೋಳು ನಾನೇ ಅಲ್ವಾ? ಒಂದು ದೊಡ್ಡದು ಸಾರಿಗೆ ಇರ್ಲಿ ಅಂತ ನೀನು ಉಳಿಸ್ಕಂಡೆ. ನಿಮ್ಮನೇಲಿ ಸಾರು ಕುದ್ರೆ ನಮ್ಮನೆಗೆ ವಾಸನೆ ಬರ್ತದೆ. ಆ ವಾರ ಬರ್ಲೇ ಇಲ್ಲ."

ಭಾಗ್ಯಮ್ಮ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಆ ವಾಚರ್ರು ಇನ್ನೂ ಕೇಳ್ಕಂಡು ತಿರುಗ್ತಾವ್ನೆ," ಎಂದಳು ರಮಾದೇವಿ, ಮೆಲ್ಲಗೆ. "ನಂಗೂ ತಮಿಳು ಬರ್ತದೆ."

ಭಾಗ್ಯಮ್ಮ ಒಂದು ಬಿಂದಿಗೆಯನ್ನು ಬೇಲಿಯ ಬಾಗಿಲಿನ ಹೊರಗಿಟ್ಟಳು. ರಮಾದೇವಿ ಅದನ್ನು ತನ್ನದಕ್ಕೆ ಸುರಿದುಕೊಂಡು, ಖಾಲಿಯಾದುದನ್ನು ಒಳಕ್ಕೆ ತಳ್ಳಿದಳು. "ನಾಳೆ ಇದೇ ಹೊತ್ತಿಗೆ ಬತ್ತೀನಿ ಕಣೆ. ಮಿಕ್ಕ ಮೂರು ಮನೆಯೋರಿಗೆ ನೀನೇ ಹೇಳ್ಕೊ, ಕಟ್ಟಳೆ ಅಂತ."

ಭಾಗ್ಯಮ್ಮ ಉಳಿದ ಒಂದು ಬಿಂದಿಗೆಯನ್ನು ಸೊಂಟಕ್ಕೇರಿಸಿ ಕೊಟ್ಟಿಗೆಗೆ ಬಂದಳು. ಕಾಲ ಸಪ್ಪಳ ಕೇಳಿ ಗೌರಿ ಮೊದಲು ತಲೆಯೆತ್ತಿತು. ಇಷ್ಟು ವರ್ಷ ಮೊದಲು ನೀರು ಕುಡಿಯುತ್ತಿದ್ದುದು ಅದೇ. ಅವಳು ಅದನ್ನು ದಾಟಿ ಹೋಗಿ, ಸೀಮೆಹಸುವಿನ ಮುಂದೆ ಬಿಂದಿಗೆ ಬಗ್ಗಿಸಿದಳು.